ರಜೆ ಪಟ್ಟಿಯಲ್ಲಿಲ್ಲದ ಹಬ್ಬ



ಸಂಘದ ಈ ಉಪನ್ಯಾಸ ಮಾಲೆಯಲ್ಲಿ ನನಗೆ ಕೊಟ್ಟ ವಿಷಯ ಮನೆ, ಹಬ್ಬ, ರಜೆ. ಹಬ್ಬವನ್ನೂ ರಜೆಯನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಸಂಬಳದವರ ರೂಢಿ. ನಾನೂ ಮೂವತ್ತೊಂದು ವರ್ಷ ಸಿರುಗುಪ್ಪ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಹೇಳಿ ಸಂಬಳ ತಿಂದವಳೇ. ಹಾಗಾಗಿ ಹಾಜರಿ ಪುಸ್ತಕದಿಂದಲೇ ಶುರು ಮಾಡುತ್ತೇನೆ. ಎಳ್ಳಮಾವಾಸ್ಯೆಯ ದಿನ ನನ್ನ ತರಗತಿಯಲ್ಲಿ ನಲವತ್ತು ಮಕ್ಕಳಿಗೆ ಏಳೋ ಎಂಟೋ ಬರುತ್ತಿದ್ದರು. ಬಂದವರಲ್ಲೂ ಇಬ್ಬರು ಕಿಟಕಿಯಾಚೆ ನೋಡುತ್ತಾ ಹೊಲಕ್ಕೆ ಹೊರಟ ಚಕ್ಕಡಿ ಎಣಿಸುತ್ತಿದ್ದರು. ಸರ್ಕಾರದ ರಜೆ ಪಟ್ಟಿಯಲ್ಲಿ ಮಹಾಲಯ ಅಮಾವಾಸ್ಯೆ ಇದೆ, ಎಳ್ಳಮಾವಾಸ್ಯೆ ಇಲ್ಲ. ಮಧ್ಯಾಹ್ನಕ್ಕೆ ಬಾಗಿಲು ಹಾಕಿ ನಾನೂ ಹೊಲದ ದಾರಿ ಹಿಡಿದದ್ದುಂಟು. ಪಿಂಚಣಿ ಬರುತ್ತಿದೆ, ಈಗ ಹೇಳಿದರೆ ಯಾರೂ ಏನೂ ಮಾಡಲಾರರು.

ಬಳ್ಳಾರಿ ಹಬ್ಬ ಅಂದರೆ ಕನಕ ದುರ್ಗಮ್ಮನ ಸಿಡಿಬಂಡಿ, ಕುರುಗೋಡು ದೊಡ್ಡಬಸವೇಶ್ವರನ ತೇರು ನೆನಪಾಗುತ್ತವೆ. ಅವು ಊರಿನವು, ಅವನ್ನು ಬಲ್ಲವರು ಬೇರೆ ಇದ್ದಾರೆ. ನನ್ನ ಮಾತು ಒಲೆಯಿಂದ ಹೊಲದವರೆಗೆ ಮಾತ್ರ.

ನನ್ನ ತವರು ಕುರುಗೋಡು ಸೀಮೆ. ನಮ್ಮದು ಎರಿ ಹೊಲ, ಮಳೆ ನಂಬಿದ್ದು. ಹಿಂಗಾರಿಗೆ ಬಿತ್ತಿದ ಬಿಳಿಜೋಳ ಎಳ್ಳಮಾವಾಸ್ಯೆ ಹೊತ್ತಿಗೆ ಆಳೆತ್ತರ ನಿಂತು ತೆನೆ ಬಿಟ್ಟಿರುತ್ತಿತ್ತು. ಕಡಲೆ ಹೂವು-ಕಾಯಿಯಲ್ಲಿ ಇರುತ್ತಿತ್ತು. ಬದುವಿನ ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರು ಅಂತ ಪೂಜೆ. ಆಮೇಲೆ ಚರಗ. ಮಾಡಿದ ಅಡುಗೆಯನ್ನೆಲ್ಲ ಒಂದಿಷ್ಟಿಷ್ಟು ಕಲಸಿ, ಅಪ್ಪ ಹೊಲದ ಸುತ್ತ ಚೆಲ್ಲುತ್ತಾ ಹೋಗುತ್ತಿದ್ದ. ಹಿಂದೆ ತಂಬಿಗೆ ಹಿಡಿದು ನೀರು ಹಾಕುವ ಕೆಲಸ ನನ್ನದು. ಭೂಮಿ ಉಂಡಾದ ಮೇಲೆ ನಮ್ಮ ಊಟ. ಬಸುರಿಗೆ ಬಯಕೆ ಊಟ ಹಾಕಿದ ಹಾಗೆ ಎನ್ನುತ್ತಿದ್ದಳು ಅಮ್ಮ.

ಆ ಊಟದ ಹಿಂದಿನ ಎಂಟು ದಿನಗಳನ್ನು ಹೇಳದೆ ಮುಂದೆ ಹೋದರೆ ಅನ್ಯಾಯ. ಸಜ್ಜೆ ಹಿಟ್ಟು ಮುಂಚೆ ಬೀಸಿ ಇಡಲು ಬರುವುದಿಲ್ಲ, ಬೇಗ ಕಹಿಯಾಗುತ್ತದೆ. ಹಾಗಾಗಿ ಬೀಸಿದ ಮರುದಿನವೇ ರೊಟ್ಟಿಗೆ ಕೂರಬೇಕು. ಸಜ್ಜೆ ಹಿಟ್ಟಿಗೆ ಗೋಧಿಯ ಜಿಗಿ ಇಲ್ಲ. ಎಸರು ಕುದಿಸಿ ಸುರಿದು, ಕೈ ಸುಡುವಾಗಲೇ ನಾದಬೇಕು, ಆರಿದರೆ ಅಂಚು ಸೀಳುತ್ತದೆ. ತಟ್ಟಿ, ಮೇಲೆ ಎಳ್ಳು ಉದುರಿಸಿ, ಒದ್ದೆ ಅಂಗೈಯಿಂದ ಒತ್ತಿ, ಹೆಂಚಿಗೆ ಹಾಕಿ, ಒದ್ದೆ ಬಟ್ಟೆ ಸವರಿ ತಿರುವಬೇಕು. ಹಸಿಯಾಗಿ ಪೇರಿಸಿದರೆ ಬೂಸಲು ಹಿಡಿಯುತ್ತದೆ, ಆದ್ದರಿಂದ ಒಂದೊಂದನ್ನೂ ಒಲೆಯ ಪಕ್ಕ ನಿಲ್ಲಿಸಿ ಗರಿಗರಿ ಮಾಡುವುದು. ಹೀಗೆ ನೂರು, ನೂರೈವತ್ತು. ತಿಂಗಳು ಇಟ್ಟರೂ ಕೆಡದ ರೊಟ್ಟಿ ಅದು. ಹಬ್ಬದ ದಿನ ಬೆಳಗಿನ ಮೂರಕ್ಕೆ ಎದ್ದು ಪುಂಡಿಪಲ್ಯ, ಎಣ್ಣೆಗಾಯಿ, ಕಡುಬು, ಶೇಂಗಾ ಹೋಳಿಗೆ. ಹೊಲದಲ್ಲಿ ಗಂಡಸರು ಉಂಡು ಮರದ ನೆರಳಲ್ಲಿ ಮಲಗಿದಾಗ ಅಮ್ಮ ಬುಟ್ಟಿ ಒರೆಸುತ್ತಿದ್ದಳು. ರಜೆ ಯಾರದ್ದು ಎಂದು ಕೇಳಿದರೆ ನಾನು ಆ ಬುಟ್ಟಿಯನ್ನು ತೋರಿಸುತ್ತೇನೆ.

1979ರಲ್ಲಿ ನನ್ನನ್ನು ಸಿರುಗುಪ್ಪ ಕಡೆ ಕೊಟ್ಟರು. ಅದು ಮಾಗಾಣಿ, ಅಂದರೆ ನೀರಾವರಿ ನೆಲ್ಲಿನ ಸೀಮೆ. ವಿಜಯನಗರದ ಕಾಲದ ದೇಶನೂರು ಕಾಲುವೆ, ಸಿರುಗುಪ್ಪ ಕಾಲುವೆಗಳ ಕೆಳಗೆ ನೆಲ್ಲು ಬೆಳೆದ ಪಟ್ಟಿ ಮೊದಲಿನಿಂದಲೂ ಇತ್ತು. ನಮ್ಮ ಮಾವನ ಹೊಲ ಆ ಪಟ್ಟಿಯ ಆಚೆ, ಅವರ ಅಪ್ಪನ ಕಾಲದಲ್ಲಿ ಜೋಳ-ಹತ್ತಿಯ ನೆಲ. 1953ರ ಜುಲೈನಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟರು. ಅದೇ ವರ್ಷ ಅಕ್ಟೋಬರ್ 1ಕ್ಕೆ ಬಳ್ಳಾರಿ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಆಲೂರು, ಆದವಾನಿ, ರಾಯದುರ್ಗ ಆಂಧ್ರಕ್ಕೆ ಹೋದವು. ನಮ್ಮತ್ತೆಯ ತವರು ಆಲೂರು. ಗಂಡನ ಮನೆಗೆ ಬಂದಾಗ ಎರಡೂ ಊರು ಒಂದೇ ಜಿಲ್ಲೆ, ಮೊದಲ ಬಾಣಂತನಕ್ಕೆ ಹೋಗುವಷ್ಟರಲ್ಲಿ ತವರು ಬೇರೆ ರಾಜ್ಯ. ಆಕೆ ಮಾತ್ರ ಕೊನೆವರೆಗೂ ಒಲೆ ಮುಂದೆ ಕನ್ನಡ, ಸಿಟ್ಟು ಬಂದರೆ ತೆಲುಗು.

ಮದುವೆಯಾದ ಮೊದಲ ಎಳ್ಳಮಾವಾಸ್ಯೆ. ಬುಟ್ಟಿ ಹೊತ್ತು ಹೊಲಕ್ಕೆ ಹೋದೆ. ತವರಿನ ಕಣ್ಣಿಗೆ ಆಳೆತ್ತರದ ಜೋಳ ಬೇಕು. ಅಲ್ಲಿ ಇದ್ದದ್ದು ನೆಲ್ಲು ಕೊಯ್ದ ಕೂಳೆ! ಕಾಲಿಗೆ ಚುಚ್ಚುವ ಬೋಳು ನೆಲ, ಮೂಲೆಯಲ್ಲಿ ಹುಲ್ಲಿನ ಬಣವೆ. ಬಸುರಿಗೆ ಬಯಕೆ ಊಟ ಅಂತ ಕೇಳಿ ಬೆಳೆದವಳು ನಾನು, ಇಲ್ಲಿ ಹೆರಿಗೆಯೇ ಮುಗಿದಿದೆ. ಮಾವ ಒಂದು ಗಳಿಗೆಯೂ ಅನುಮಾನಿಸಲಿಲ್ಲ. ಕೂಳೆ ದಾಟಿ, ಎರಡನೇ ಬೆಳೆಗೆ ಹಾಕಿದ್ದ ಸಸಿಮಡಿಯ ಹತ್ತಿರ ಹೋದರು. ಬೆರಳುದ್ದದ ಹಸಿರು, ಹಾಸಿದ ಕಂಬಳಿಯಷ್ಟು ಜಾಗ. ಅದರ ಸುತ್ತ ಚರಗ ಚೆಲ್ಲಿ ಕೈ ತೊಳೆದರು. ನಾನು ಮಿಕಿಮಿಕಿ ನೋಡುತ್ತಿದ್ದದ್ದು ಕಂಡು ಅತ್ತೆ ಅಂದದ್ದು ಇಷ್ಟೇ: "ನೀರು ಬಂದ ಮ್ಯಾಲೆ ಹಬ್ಬ ಸಸಿಮಡಿಗೆ ಬಂತವ್ವ."

ಒಣಭೂಮಿಯ ಲೆಕ್ಕಕ್ಕೆ ಹೊಂದಿಸಿಟ್ಟ ತಿಥಿಯದು. ನೆಲ ನೀರಾವರಿಯಾಯಿತು, ತಿಥಿ ಕದಲಲಿಲ್ಲ. ಅದಕ್ಕೆ ಹೊಲದಲ್ಲೇ ಮೂಲೆ ಹುಡುಕಿಕೊಂಡರು.

ಇದರಲ್ಲಿ ಇನ್ನೊಂದು ತಮಾಷೆಯಿದೆ. ಕಾಲುವೆ ಬಂದ ಮೇಲೆ ಕೃಷ್ಣಾ, ಗುಂಟೂರು ಕಡೆಯ ರೈತರು ಬಂದು ಭೂಮಿ ಕೊಂಡು ಕ್ಯಾಂಪ್ ಕಟ್ಟಿಕೊಂಡರಲ್ಲ, ಅವರ ದೊಡ್ಡ ಹಬ್ಬ ಸಂಕ್ರಾಂತಿ. ಭೋಗಿ ದಿನ ನಸುಕಿನಲ್ಲೇ ಬೆಂಕಿ, ಅಂಗಳ ತುಂಬ ರಂಗೋಲಿ, ಅದರ ನಡುವೆ ಕುಂಬಳ ಹೂ ಸಿಕ್ಕಿಸಿದ ಸಗಣಿ ಉಂಡೆ. ನೆಲ್ಲು ಕೊಯ್ದು ಮನೆ ತುಂಬಿದ ಮೇಲೆ ಬರುವ ಹಬ್ಬ ಅದು. ಅಂದರೆ ಬೆಳೆಯ ಲೆಕ್ಕದಲ್ಲಿ ನಮ್ಮ ಮಾಗಾಣಿಗೆ ನಮ್ಮ ಹಬ್ಬಕ್ಕಿಂತ ಅವರದ್ದೇ ಸರಿಯಾಗಿ ಕೂರುತ್ತಿತ್ತು. ಊರಿನ ಹಿರಿಯರಿಗೆ ಇದು ಗೊತ್ತಿತ್ತು, ಒಪ್ಪುತ್ತಿರಲಿಲ್ಲ. ಮಕ್ಕಳು ಒಪ್ಪಿದರು. ನನ್ನ ಮಕ್ಕಳು ಎರಡೂ ಕಡೆ ಉಂಡರು, ಮೊಹರಂಗೆ ಪೀರಲ ದೇವರಿಗೆ ಸಕ್ಕರೆ ಓದಿಸಲು ಹೋದಾಗ ಅಲ್ಲೂ ಉಂಡರು.

ಕೆಲವರು ಈಚೆಗೆ ವೇದಿಕೆ ಮೇಲೆ ನಿಂತು, ಅಕ್ಕಿ ಬಂದು ನಮ್ಮ ಹಬ್ಬ ಕೆಟ್ಟಿತು, ಸನಾತನ ಊಟ ಹೋಯಿತು ಎನ್ನುತ್ತಾರೆ. ಅವರು ಒಮ್ಮೆ ಸಂಗನಕಲ್ಲಿಗೆ ಹೋಗಿ ಬರಬೇಕು. ಬಳ್ಳಾರಿ ಪಕ್ಕದ ಆ ಗುಡ್ಡದಲ್ಲಿ ಹೊಸ ಶಿಲಾಯುಗದ ಜನ ಉಂಡ ಕಾಳುಗಳು ಸುಟ್ಟ ಸ್ಥಿತಿಯಲ್ಲಿ ಸಿಕ್ಕಿವೆ. ಮುಖ್ಯವಾಗಿ ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯ. ಜೋಳ, ಸಜ್ಜೆ ಎರಡೂ ಆಫ್ರಿಕಾ ಮೂಲದವು, ಆಮೇಲೆ ಬಂದವು. ಮೆಣಸಿನಕಾಯಿ, ಶೇಂಗಾ ಅಮೆರಿಕ ಖಂಡದವು, ಪೋರ್ಚುಗೀಸರು ಬರುವ ಮುಂಚೆ ಇಲ್ಲಿ ಇರಲೇ ಇಲ್ಲ. ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಕೆಂಪು ಖಾರ ಮೂರನ್ನೂ ತೆಗೆದರೆ ನಮ್ಮ ಸನಾತನ ಬುಟ್ಟಿಯಲ್ಲಿ ಉಳಿಯುವುದು ಬದನೆಕಾಯಿ. ಸಂಜೆ ಒಗ್ಗರಣಿ-ಮಿರ್ಚಿ ಬಿಟ್ಟು ಬದುಕಲಾರದ ಬಳ್ಳಾರಿಯವರು ಈ ವಾದ ಮಾಡುವಾಗ ಸ್ವಲ್ಪ ನೋಡಿಕೊಂಡು ಮಾಡಬೇಕು.

ಹಾಗಂತ ಹಳೆಯದು ಏನೂ ಇಲ್ಲವೆಂದಲ್ಲ. ಕುಡತಿನಿಯ ಬೂದಿಗುಡ್ಡ ನೋಡಿದ್ದೀರಿ. ಇಂಥ ದಿಬ್ಬಗಳನ್ನು ಜನ ರಾಕ್ಷಸರನ್ನು ಸುಟ್ಟ ಬೂದಿ ಎನ್ನುತ್ತಾರೆ, ಹಂಪಿ ಹತ್ತಿರ ನಿಂಬಾಪುರದ್ದು ವಾಲಿಯ ಬೂದಿ. ಅಗೆದು ನೋಡಿದವರು ಅದು ಸುಟ್ಟ ಸಗಣಿ ಎಂದರು. ಆಲ್ಚಿನ್ ಎಂಬ ವಿದ್ವಾಂಸರು 1963ರ ತಮ್ಮ ಪುಸ್ತಕದಲ್ಲಿ ಇನ್ನೊಂದು ಹೆಜ್ಜೆ ಹೋದರು: ದನದ ದೊಡ್ಡಿಗಳಲ್ಲಿ ಕೂಡಿದ ಸಗಣಿಯನ್ನು ಋತು ತಿರುಗುವ ಹೊತ್ತಿಗೆ ಹಬ್ಬವಾಗಿ ಸುಡುತ್ತಿದ್ದಿರಬೇಕು, ದನಗಳನ್ನು ಬೆಂಕಿ ಹಾಯಿಸುವ ಇಂದಿನ ಪದ್ಧತಿಯಲ್ಲಿ ಅದರ ಜಾಡು ಇದ್ದೀತು. ಎಲ್ಲ ವಿದ್ವಾಂಸರೂ ಒಪ್ಪಿದ ಮಾತಲ್ಲ. ಆದರೆ ಕ್ಯಾಂಪಿನ ಅಂಗಳದ ಸಗಣಿ ಉಂಡೆ ಕಂಡಾಗಲೆಲ್ಲ ನನಗೆ ಕುಡತಿನಿ ನೆನಪಾಗುತ್ತದೆ.

ನಿವೃತ್ತಿಯಾಗಿ ನಾವು ಬಳ್ಳಾರಿ ಸೇರಿದೆವು. ಹೊಲ ಪಾಲಿಗೆ ಕೊಟ್ಟಿದ್ದೇವೆ. ಕೊಯ್ಲಿಗೆ ಈಗ ಯಂತ್ರ ಬರುತ್ತದೆ, ಬಣವೆಯೂ ಇಲ್ಲ. ರೊಟ್ಟಿ ನಾನೀಗ ತಟ್ಟುವುದಿಲ್ಲ, ಮೊಣಕಾಲು ಬಿಡುವುದಿಲ್ಲ. ಓಣಿಯಲ್ಲಿ ಒಬ್ಬಾಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿ ಮಾರುತ್ತಾಳೆ, ವಾರ ಮುಂಚೆ ಹೇಳಿ ಇಡಬೇಕು. ಕೊಂಡ ರೊಟ್ಟಿಯಿಂದ ಚರಗ ಆಗುತ್ತದೆಯೇ ಎಂದು ನಮ್ಮ ಮನೆಯವರು ಗೊಣಗಿದರು. ತಟ್ಟಲು ಬರುವವರು ಗೊಣಗಲಿ ಎಂದೆ.

2024ರ ಡಿಸೆಂಬರ್ 30, ಸೋಮವಾರ, ಎಳ್ಳಮಾವಾಸ್ಯೆ. ಬೆಂಗಳೂರಿನಿಂದ ಮೊಮ್ಮಗ ಬಂದಿದ್ದ. ಹೊಲಕ್ಕೆ ಹೋಗಲು ಆಗಲಿಲ್ಲ, ಮಾಳಿಗೆ ಮೇಲೆ ಹಬ್ಬ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರು, ಅಲ್ಲಿಂದ ಐದು ಜಲ್ಲಿಕಲ್ಲು ಆರಿಸಿ ತಂದು ದಾಸವಾಳದ ಕುಂಡದಲ್ಲಿ ಇಟ್ಟ. ದೊಡ್ಡ ಕಲ್ಲು ಭೀಮ, ಉಳಿದವರಲ್ಲಿ ಧರ್ಮರಾಯ ಯಾರು ಎಂದು ಅವನಿಗೂ ತಾತನಿಗೂ ಜಗಳ. ಕುಂಡ ಇದ್ದದ್ದೇ ನಾಲ್ಕು, ಚರಗ ಒಂದು ಪಾತ್ರೆ ತುಂಬ. ಹುಡುಗ ಮಾಳಿಗೆ ಸುತ್ತ ಓಡುತ್ತಾ ಉತ್ಸಾಹದಿಂದ ಎರಚಿದ. ಕೆಳಗೆ ನೆರೆಮನೆಯ ಆಂಧ್ರದ ಅಮ್ಮ ಒಣಹಾಕಿದ್ದ ಸೀರೆಯ ಮೇಲೆ ಪುಂಡಿಪಲ್ಯ ಬಿತ್ತು. ಆಕೆ ತೆಲುಗಿನಲ್ಲಿ ಎರಡು ಮಾತು ಅಂದಳು. ನನಗೆ ಅತ್ತೆಯ ಸಿಟ್ಟು ಕೇಳಿದ ಹಾಗಾಯಿತು. ಡಬ್ಬಿಯಲ್ಲಿ ನಾಲ್ಕು ರೊಟ್ಟಿ, ಎಣ್ಣೆಗಾಯಿ, ಎರಡು ಹೋಳಿಗೆ ಹಾಕಿ ಅವನ ಕೈಯಲ್ಲೇ ಕಳಿಸಿದೆ.

ಡಬ್ಬಿ ಹದಿನೈದು ದಿನ ವಾಪಸ್ ಬರಲಿಲ್ಲ. ಸಿಟ್ಟು ಇಳಿದಿಲ್ಲ ಅಂದುಕೊಂಡೆ. ಸಂಕ್ರಾಂತಿಯ ಮರುದಿನ ಬಂತು, ಮುಚ್ಚಳ ಹಾಕಲಾರದಷ್ಟು ಅರಿಸೆಲು ತುಂಬಿಕೊಂಡು.