ನಾಲ್ಕು ಜನರ ಮುಂದೆ ಕೇಳಿದ ಪ್ರಶ್ನೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯಲ್ಲಿ 2005ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವನು. ಆಮೇಲೆ ಬಿ.ಇ. ಓದಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಪಾಠಕ್ಕೂ ಕೆಲಸಕ್ಕೂ ಆನ್‌ಲೈನ್ ಚರ್ಚಾ ಗುಂಪುಗಳನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದರ ಮೇಲೆ ಹತ್ತು ನಿಮಿಷ ಮಾತಾಡಬೇಕೆಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ವಿಷಯದ ಹೆಸರು ಕೇಳಿ ಹಿರಿಯರು ಗಾಬರಿಯಾಗಬೇಡಿ. ಇದು ನಮ್ಮ ಅರಳಿಕಟ್ಟೆಯ ಮಾತೇ. ಕಟ್ಟೆಯ ಮೇಲೆ ಒಬ್ಬರು 'ತೆಂಗಿನ ಗರಿ ಯಾಕೋ ಒಣಗ್ತಾ ಇದೆ' ಅಂದರೆ, ಕೇಳಿಸಿಕೊಂಡ ನಾಲ್ವರು ಮನೆಗೆ ಹೋಗುವ ಮುಂಚೆ ತಮ್ಮ ತೋಟದ ಕಡೆ ಒಂದು ಸುತ್ತು ಹಾಕಿ ಬರುತ್ತಾರೆ. ವ್ಯತ್ಯಾಸ ಇಷ್ಟೇ: ಕಟ್ಟೆಯ ಮಾತು ಗಾಳಿಗೆ ಹೋಗುತ್ತದೆ, ಚರ್ಚಾ ಗುಂಪಿನ ಮಾತು ಬರಹವಾಗಿ ಉಳಿಯುತ್ತದೆ.

ಇಂಥ ಗುಂಪು ನನಗೆ ಮೊದಲು ಸಿಕ್ಕಿದ್ದು ಕಂಪ್ಯೂಟರಿನಲ್ಲಲ್ಲ, ಇದೇ ಶಾಲೆಯ ಹತ್ತನೇ ತರಗತಿಯ ಕೋಣೆಯಲ್ಲಿ. ನಮ್ಮ ಗಣಿತದ ಮೇಷ್ಟ್ರು ಬೋರ್ಡಿನ ಬಲಮೂಲೆಯಲ್ಲಿ ಒಂದು ಚೌಕ ಎಳೆದು ಬಿಟ್ಟಿದ್ದರು. ಬೆಳಗಿನ ಪ್ರಾರ್ಥನೆಗೆ ಮುಂಚೆ ಯಾರು ಬೇಕಾದರೂ ತಮ್ಮ ಅನುಮಾನವನ್ನು ಅದರಲ್ಲಿ ಬರೆಯಬಹುದಿತ್ತು. ಹೆಸರು ಹಾಕಬೇಕಿರಲಿಲ್ಲ. ಗೊತ್ತಿದ್ದವರು ಕೆಳಗೆ ಉತ್ತರ ಬರೆಯಬೇಕು. ಮಧ್ಯಾಹ್ನದವರೆಗೆ ಮೇಷ್ಟ್ರು ತುಟಿ ಬಿಚ್ಚುತ್ತಿರಲಿಲ್ಲ. ಆಮೇಲೆ ಬಂದು ತಪ್ಪಿದ್ದ ಕಡೆ ಮಾತ್ರ ತಿದ್ದುತ್ತಿದ್ದರು. ಕೊನೆಯ ಬೆಂಚಿನ ನಾನು ವರ್ಷವಿಡೀ ಕೈ ಎತ್ತಿ ಪ್ರಶ್ನೆ ಕೇಳಿದವನಲ್ಲ. ಆದರೆ ಬೇರೆಯವರು ಬರೆದದ್ದನ್ನು ನೋಡಿ, 'ಅರೆ, ಇದು ನನಗೊಬ್ಬನಿಗೇ ಗೊತ್ತಿಲ್ಲ ಅಂದುಕೊಂಡಿದ್ದೆನಲ್ಲ' ಎಂದು ಎಷ್ಟೋ ಸಲ ಸಮಾಧಾನಪಟ್ಟಿದ್ದೇನೆ.

ಎಂಜಿನಿಯರಿಂಗ್ ಕಾಲೇಜಿನಲ್ಲಿ ಆ ಚೌಕ ಇರಲಿಲ್ಲ. ಕನ್ನಡ ಮಾಧ್ಯಮದಿಂದ ಹೋದ ನನಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ನಾಲಿಗೆ ಏಳುತ್ತಿರಲಿಲ್ಲ. ಸುಮ್ಮನಿರುವುದೇ ಅಭ್ಯಾಸವಾಯಿತು. ಆ ಅಭ್ಯಾಸವನ್ನು ಕೆಲಸಕ್ಕೂ ತೆಗೆದುಕೊಂಡು ಹೋದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅಮೆರಿಕದಿಂದ ಬರುವ ಬಿಲ್ಲುಗಳನ್ನು ಓದಿ ಲೆಕ್ಕಕ್ಕೆ ಸೇರಿಸುವ ಒಂದು ಪ್ರೋಗ್ರಾಂ ಬರೆದೆ. ತಿಂಗಳ ಒಂದನೇ ತಾರೀಖಿನಿಂದ ಚೆನ್ನಾಗಿ ಓಡಿತು. ಹದಿಮೂರಕ್ಕೆ ನಿಂತುಬಿಟ್ಟಿತು. ತಂಡದ ಚರ್ಚಾ ಗುಂಪಿನಲ್ಲಿ ಕೇಳಬಹುದಿತ್ತು. 'ಇಷ್ಟೂ ಬರುವುದಿಲ್ಲವೇ' ಅಂದಾರು ಎಂಬ ಭಯ. ಎರಡು ದಿನ ಒಬ್ಬನೇ ತಿಣುಕಿದೆ. ಮೂರನೆಯ ದಿನ ಬೇರೆ ದಾರಿ ಕಾಣದೆ ಬರೆದೆ: ಏನಾಗಬೇಕಿತ್ತು, ಏನಾಯಿತು, ನಾನು ಏನೇನು ಮಾಡಿ ನೋಡಿದೆ. ಇಪ್ಪತ್ತು ನಿಮಿಷದಲ್ಲಿ, ನಾನು ಮುಖವನ್ನೇ ನೋಡಿರದ ಸಹೋದ್ಯೋಗಿಯೊಬ್ಬರು ಒಂದೇ ಸಾಲು ಬರೆದರು: 'ನಿಂತದ್ದು ಯಾವ ತಾರೀಖು?'

ಅಷ್ಟು ಸಾಕಾಯಿತು. ನಾವು ತಾರೀಖು ಬರೆಯುವಾಗ ದಿನ ಮೊದಲು, ಅಮೆರಿಕದವರಿಗೆ ತಿಂಗಳು ಮೊದಲು. ಹನ್ನೆರಡರವರೆಗೆ ನನ್ನ ಪ್ರೋಗ್ರಾಂ ದಿನವನ್ನೇ ತಿಂಗಳೆಂದು ಓದಿಕೊಂಡು ತೆಪ್ಪಗೆ ನಡೆದಿತ್ತು. ಹದಿಮೂರನೆಯ ತಿಂಗಳು ಇಲ್ಲವಲ್ಲ, ಅಲ್ಲಿ ನಿಂತಿತು. ಅಂದರೆ ಹಿಂದಿನ ದಿನಗಳ ಲೆಕ್ಕವೂ ತಪ್ಪು ತಿಂಗಳಿಗೆ ಸೇರಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದ ಎರಡು ದಿನದಲ್ಲಿ ಆ ತಪ್ಪು ಲೆಕ್ಕ ಮುಂದಿನ ವಿಭಾಗಕ್ಕೂ ಹೋಗಿತ್ತು. ಸರಿಪಡಿಸಲು ನಾಲ್ಕು ಜನ ಒಂದು ವಾರ ದುಡಿದರು. ನನಗೆ ಬೈಗುಳ ಸಿಕ್ಕಿದ್ದು ತಪ್ಪು ಮಾಡಿದ್ದಕ್ಕಲ್ಲ, ಕೇಳದೆ ಕೂತದ್ದಕ್ಕೆ. ಮುಂದೆ ಒಂದೂವರೆ ವರ್ಷದ ಮೇಲೆ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಇದೇ ತೊಂದರೆಗೆ ಸಿಕ್ಕಿಕೊಂಡಳು. ಗುಂಪಿನ ಹಳೆಯ ಬರಹ ಹುಡುಕಿ ಐದು ನಿಮಿಷದಲ್ಲಿ ಸರಿಮಾಡಿಕೊಂಡು ನನಗೆ ಥ್ಯಾಂಕ್ಸ್ ಹೇಳಿದಳು. ನನ್ನ ಪೆದ್ದತನ ಇನ್ನೊಬ್ಬರಿಗೆ ಪಾಠವಾಗಿತ್ತು.

ಹೀಗೆ ಎಲ್ಲರೆದುರು ಕೇಳುವುದರಿಂದ ಎಷ್ಟು ದೊಡ್ಡ ಕೆಲಸ ಆದೀತು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 1991ರ ಆಗಸ್ಟ್ 25ರಂದು ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಒಂದು ಚರ್ಚಾ ಗುಂಪಿನಲ್ಲಿ, ತಾನು ಹವ್ಯಾಸಕ್ಕಾಗಿ ಒಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ, ಅದರಲ್ಲಿ ನಿಮಗೆ ಏನೇನು ಬೇಕು ಎಂದು ಕೇಳಿದ. ಒಬ್ಬರನ್ನೊಬ್ಬರು ಕಂಡಿರದ ಸಾವಿರಾರು ಜನ ಸೇರಿ ಅದನ್ನು ಬೆಳೆಸಿದರು. ಅದೇ ಲಿನಕ್ಸ್. ನಿಮ್ಮ ಜೇಬಿನ ಆಂಡ್ರಾಯ್ಡ್ ಮೊಬೈಲಿನ ತಿರುಳು ಅದು. ಆದರೆ ಅದೇ ಲಿನಸ್, ಗುಂಪಿನಲ್ಲಿ ಸಹಕೆಲಸಗಾರರಿಗೆ ಒರಟಾಗಿ ಬರೆಯುತ್ತಿದ್ದುದಕ್ಕೆ 2018ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿ ಕೆಲವು ವಾರ ಕೆಲಸದಿಂದ ದೂರ ಉಳಿದರು. ಎಷ್ಟೇ ತಿಳಿದವರಾಗಲಿ, ಪ್ರಶ್ನೆ ಕೇಳಿದವರನ್ನು ಹಂಗಿಸಿದರೆ ಗುಂಪಿನ ಬಾಯಿ ಕಟ್ಟುತ್ತದೆ.

ಪಾಠದ ವಿಚಾರಕ್ಕೆ ಬಂದರೆ, ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ 2011ರಲ್ಲೇ 'ವಿಷಯ ಶಿಕ್ಷಕರ ವೇದಿಕೆ' ಎಂಬ ಹೆಸರಿನಲ್ಲಿ ಇದು ಶುರುವಾಯಿತು. ವಿಷಯವಾರು ಇ-ಮೇಲ್ ಗುಂಪುಗಳು. ಒಂದು ಜಿಲ್ಲೆಯ ಶಿಕ್ಷಕರು ಕೇಳಿದ್ದಕ್ಕೆ ಇನ್ನೊಂದು ಜಿಲ್ಲೆಯವರ ಉತ್ತರ. ಹಳ್ಳಿಯ ಶಾಲೆಯಲ್ಲಿ ಒಂದು ವಿಷಯಕ್ಕೆ ಒಬ್ಬರೇ ಶಿಕ್ಷಕರಿರುವಾಗ ಇದು ಎಷ್ಟು ದೊಡ್ಡ ಆಸರೆ ಎಂಬುದು ಇಲ್ಲಿರುವ ಗುರುಗಳಿಗೆ ಗೊತ್ತು. ಆದರೆ ಮಕ್ಕಳ ವಿಷಯದಲ್ಲಿ ಒಂದು ಎಚ್ಚರ ಬೇಕು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ 'ವಿದ್ಯಾಗಮ' ಕಾರ್ಯಕ್ರಮದಲ್ಲಿ ಮೊಬೈಲ್ ಇಲ್ಲದ ಮಕ್ಕಳಿದ್ದಾರೆ ಎಂಬುದನ್ನು ಮೊದಲೇ ಲೆಕ್ಕ ಹಾಕಿದ್ದರು. ಹಾಗಾಗಿ ಶಿಕ್ಷಕರು ಗುಡಿಯ ಜಗಲಿ, ಮರದ ನೆರಳು ಹುಡುಕಿಕೊಂಡು ಹೋದರು. ಗುಂಪು ಮಾಡುವಾಗ ಹೊರಗೆ ಉಳಿದವರು ಯಾರು ಎಂದು ಮೊದಲು ನೋಡಬೇಕು.

ಈಗ ನಮ್ಮ ಮನೆಯ ಮಾತು. ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಇದ್ದೇವೆ. ಹೋದ ವರ್ಷ ಒಂದು ರಾತ್ರಿ ಹತ್ತನೇ ತರಗತಿಯ ಮಗಳೊಬ್ಬಳು ಅಪ್ಪನ ಮೊಬೈಲಿನಿಂದ ಕೇಳಿದ್ದಳು: 'ವರ್ಗ ಸಮೀಕರಣದ ಶೋಧಕ ಋಣ ಸಂಖ್ಯೆಯಾದರೆ ವಾಸ್ತವ ಮೂಲಗಳಿಲ್ಲ ಅಂತಾರೆ, ಯಾಕೆ? ನಾಳೆ ಟೆಸ್ಟ್ ಇದೆ.' ಅಂದು ನಮ್ಮಲ್ಲಿ ಒಬ್ಬರ ಹುಟ್ಟುಹಬ್ಬ. ಅವಳ ಪ್ರಶ್ನೆಯ ಮೇಲೆ ಎಪ್ಪತ್ತು ಕೇಕು, ಹೂಗುಚ್ಛ ಬಂದು ಕೂತವು. ಅದರಲ್ಲಿ ಒಂದು ಹೂಗುಚ್ಛ ನನ್ನದು. ಪ್ರಶ್ನೆ ನನ್ನ ಕಣ್ಣಿಗೆ ಬಿದ್ದದ್ದು ಎರಡು ದಿನದ ಮೇಲೆ. ಯಾವ ವಾಸ್ತವ ಸಂಖ್ಯೆಯ ವರ್ಗವೂ ಋಣವಾಗಲಾರದು, ಹಾಗಾಗಿ ಋಣ ಸಂಖ್ಯೆಗೆ ವಾಸ್ತವ ವರ್ಗಮೂಲ ಸಿಗುವುದಿಲ್ಲ. ಎರಡು ಸಾಲಿನ ಉತ್ತರ. ಗುಂಪಿನಲ್ಲಿ ಹತ್ತಾರು ಎಂಜಿನಿಯರುಗಳಿದ್ದೆವು. ಆ ಮಗು ಮತ್ತೆ ಏನನ್ನೂ ಕೇಳಲಿಲ್ಲ.

ಆದ್ದರಿಂದ ಈ ಸುವರ್ಣ ಮಹೋತ್ಸವದಲ್ಲಿ ನನ್ನದೊಂದು ಕೋರಿಕೆ. ಶುಭಾಶಯದ ಗುಂಪು ಇದ್ದ ಹಾಗೇ ಇರಲಿ, ಪ್ರಶ್ನೆಗಳಿಗೆ ಬೇರೆ ಗುಂಪು ಮಾಡೋಣ. ಅದರಲ್ಲಿ ಶಿಕ್ಷಕರು ಮತ್ತು ಉತ್ತರಿಸಲು ಒಪ್ಪಿದವರು ಮಾತ್ರ ಇರಲಿ. ವಾಟ್ಸ್‌ಆ್ಯಪ್ ಗುಂಪಿಗೆ ಸೇರಿದರೆ ಮೊಬೈಲ್ ನಂಬರ್ ಎಲ್ಲರಿಗೂ ಕಾಣಬಹುದು. ಹಾಗಾಗಿ ಮಕ್ಕಳ ನಂಬರ್ ಅಲ್ಲಿ ಬೇಡ. ಮೊಬೈಲ್ ಇರಲಿ ಇಲ್ಲದಿರಲಿ, ಪ್ರತಿ ಮಗುವೂ ತರಗತಿಯಲ್ಲಿಟ್ಟ ಒಂದು ನೋಟ್‌ಬುಕ್ಕಿನಲ್ಲಿ ಹೆಸರಿಲ್ಲದೆ ಪ್ರಶ್ನೆ ಬರೆಯಲಿ. ಸಂಜೆ ಶಿಕ್ಷಕರು ಅದರ ಫೋಟೋ ಹಾಕಲಿ. ನಾವು ಪಾಳಿಯ ಮೇಲೆ ಮರುದಿನದ ಒಳಗೆ ಉತ್ತರಿಸೋಣ. ಇಡೀ ಲೆಕ್ಕ ಬಿಡಿಸಿ ಕಳಿಸುವುದು ಬೇಡ, ಮುಂದಿನ ಒಂದು ಹೆಜ್ಜೆ ತೋರಿಸಿದರೆ ಸಾಕು. ಸರಿ ತಪ್ಪಿನ ಕೊನೆಯ ಮಾತು ಶಿಕ್ಷಕರದ್ದು. ತಿಂಗಳಿಗೊಮ್ಮೆ ಒಳ್ಳೆಯ ಪ್ರಶ್ನೋತ್ತರಗಳನ್ನು ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಹಾಕೋಣ. ಮುಂದಿನ ವರ್ಷದ ಮಕ್ಕಳಿಗೂ ಅದು ಉಳಿಯುತ್ತದೆ.

ಬರುವ ಜೂನ್‌ನಿಂದ ಗಣಿತದ ಮೊದಲ ಪಾಳಿ ನನ್ನದು. ವಿಜ್ಞಾನಕ್ಕೆ, ಇಂಗ್ಲಿಷಿಗೆ, ಸಮಾಜಕ್ಕೆ ಯಾರು ಬರುತ್ತೀರೋ ಊಟದ ಹೊತ್ತಿಗೆ ನನ್ನ ಹತ್ತಿರ ಹೆಸರು ಕೊಡಿ. ಮಕ್ಕಳೇ, ನಿಮಗೆ ಒಂದೇ ಮಾತು: ಗೊತ್ತಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಲು ನಾಚಿಕೆಪಡಬೇಡಿ. ನಿಮ್ಮ ಹಿಂದಿನ ಬೆಂಚಿನಲ್ಲಿ ಅದೇ ಪ್ರಶ್ನೆ ಇಟ್ಟುಕೊಂಡು ಯಾರೋ ಸುಮ್ಮನೆ ಕೂತಿರುತ್ತಾರೆ. ಒಂದು ಕಾಲಕ್ಕೆ ಅಲ್ಲಿ ಕೂತವನು ನಾನೇ.