ಪಕ್ಕವೆಂದರೆ ರೆಕ್ಕೆ
(ಬಾನುಲಿ ಭಾಷಣ)

ಚೈತ್ರಮಾಸ ಬಂತೆಂದರೆ ಬೆಂಗಳೂರಿನಲ್ಲಿ ಮನೆಮನೆಗೆ ಸಂಗೀತ ಕಚೇರಿಗಳ ಆಹ್ವಾನ ಪತ್ರಿಕೆಗಳು ಬರತೊಡಗುತ್ತವೆ. ಚಾಮರಾಜಪೇಟೆಯಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವ ಈ ಪರಂಪರೆಯ ಹಿರಿಯಣ್ಣ. ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ಕುಳಿತು ಕೇಳಿದ ಮಹಾ ವಿದ್ವಾಂಸರ ನೆನಪು ನನ್ನ ವಯಸ್ಸಿನ ಯಾವ ಬೆಂಗಳೂರಿಗನಿಗೆ ಇಲ್ಲ? ಆ ದೊಡ್ಡ ಚಪ್ಪರದ ನೆರಳಿನಲ್ಲಿ ನೂರಾರು ಸಣ್ಣ ಚಪ್ಪರಗಳು ಬಡಾವಣೆ ಬಡಾವಣೆಗಳಲ್ಲಿ ಎದ್ದವು. ಮಾಗಡಿ ರಸ್ತೆಗೂ ವಿಜಯನಗರಕ್ಕೂ ನಡುವೆ ಇರುವ ನಮ್ಮ ಹೊಸಹಳ್ಳಿಯೂ ಇದಕ್ಕೆ ಹೊರತಲ್ಲ. ಹೆಸರಿಗೆ ಹೊಸಹಳ್ಳಿ. ಈಗ ಅದು ಹೊಸತೂ ಅಲ್ಲ, ಹಳ್ಳಿಯೂ ಅಲ್ಲ. 2015ರಿಂದ ನಮ್ಮ ತಲೆಯ ಮೇಲೆಯೇ ಮೆಟ್ರೋ ರೈಲು ಓಡುತ್ತಿದೆ. ಆದರೂ ರಾಮನವಮಿಯ ಸಂಜೆ ಪಾನಕ ಕೋಸಂಬರಿಯ ಹಿಂದೆಯೇ ತಂಬೂರಿಯ ನಾದ ಕೇಳಿಸಿದರೆ, ಊರು ಇನ್ನೂ ಉಳಿದಿದೆ ಎನಿಸುತ್ತದೆ.

ಈ ಆಹ್ವಾನ ಪತ್ರಿಕೆಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಗಾಯಕರ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ. ಪಿಟೀಲಿನವರದು ಅದಕ್ಕಿಂತ ಸಣ್ಣದು, ಮೃದಂಗದವರದು ಅದೇ ಅಳತೆಯದು. ಕೊನೆಗೆ, ಘಟ, ಖಂಜಿರ ಅಥವಾ ಮೋರ್ಚಿಂಗಿನವರ ಹೆಸರು ಕಣ್ಣು ಕಿರಿದುಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ಜಾಗ ಸಾಲದಿದ್ದರೆ ಮೊದಲು ಬಿಟ್ಟುಹೋಗುವುದೂ ಆ ಹೆಸರೇ. ನಾನು ಇಂದು ಮಾತನಾಡಬೇಕೆಂದಿರುವುದು ಆ ಸಣ್ಣ ಅಕ್ಷರದವರನ್ನು ಕುರಿತು.

ನಾನು ಸಂಗೀತಗಾರನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದ್ದರಿಂದ ಮಾತಿನ ಬಾಗಿಲಿನಿಂದಲೇ ಒಳಗೆ ಹೋಗುತ್ತೇನೆ. ಘಟ, ಖಂಜಿರಗಳನ್ನು ನಮ್ಮಲ್ಲಿ ‘ಉಪಪಕ್ಕವಾದ್ಯ’ ಎನ್ನುತ್ತಾರೆ. ಪಕ್ಕದವರಿಗೂ ಪಕ್ಕದವರು ಎಂದಹಾಗಾಯಿತು. ಆದರೆ ‘ಪಕ್ಕ’ ಎಂಬುದು ಸಂಸ್ಕೃತದ ‘ಪಕ್ಷ’ ಶಬ್ದದ ತದ್ಭವ. ಪಕ್ಷವೆಂದರೆ ಬದಿ ಎಂಬಂತೆ ರೆಕ್ಕೆ ಎಂದೂ ಅರ್ಥ. ಪಕ್ಷ ಉಳ್ಳದ್ದು ಪಕ್ಷಿ, ಅದೇ ಹಳಗನ್ನಡದ ಪಕ್ಕಿ, ನಮ್ಮ ಹಕ್ಕಿ. ಹಾಗಾದರೆ ಪಕ್ಕವಾದ್ಯವೆಂದರೆ ಬದಿಯಲ್ಲಿ ಕುಳಿತ ವಾದ್ಯವಷ್ಟೇ ಅಲ್ಲ, ಗಾನದ ರೆಕ್ಕೆ. ರೆಕ್ಕೆಯನ್ನು ಸಣ್ಣ ಅಕ್ಷರದಲ್ಲಿ ಬರೆದು ಹಕ್ಕಿಯನ್ನು ದೊಡ್ಡ ಅಕ್ಷರದಲ್ಲಿ ಬರೆಯುವುದು ನ್ಯಾಯವೆ?

ಈ ರೆಕ್ಕೆಗಳಿಗೆ ಸ್ವತಂತ್ರವಾಗಿ ಹಾರುವ ಶಕ್ತಿ ಇದೆಯೆಂದು ತೋರಿಸಿದ ಊರುಗಳಲ್ಲಿ ಬೆಂಗಳೂರು ಪ್ರಮುಖವಾದುದು. 1964ರಲ್ಲಿ ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿ ಅವರು ಕರ್ನಾಟಕ ತಾಳವಾದ್ಯ ಕಲಾಶಾಲೆಯನ್ನು ಸ್ಥಾಪಿಸಿದರು. ಅವರ ಬಳಗ, ಗಾಯಕಿ ಆರ್. ಎ. ರಮಾಮಣಿ ಅವರೊಡನೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರ ಜೊತೆ ಸೇರಿ ನುಡಿಸಿದ ‘ಜ್ಯೋತಿ’ ಧ್ವನಿಮುದ್ರಿಕೆ 1983ರಲ್ಲಿ ಯೂರೋಪಿನಲ್ಲಿ ಹೊರಬಂತು. 1981ರಲ್ಲಿ ಬೆಂಗಳೂರು ಕೆ. ವೆಂಕಟರಾಂ ಅವರು ತಾಳವಾದ್ಯಗಳಿಗಾಗಿಯೇ ಒಂದು ಕಲಾಕೇಂದ್ರವನ್ನು ಕಟ್ಟಿದರು. ಪಕ್ಕದಲ್ಲಿ ಕುಳಿತವರು ಹೀಗೆ ನಡುವೇದಿಕೆಗೆ ಬಂದರು.

ಆದರೆ ಒಂದು ಬಾಗಿಲು ಮಾತ್ರ ಬಹುಕಾಲ ಮುಚ್ಚಿಯೇ ಇತ್ತು. ಹೆಣ್ಣುಮಕ್ಕಳು ಹಾಡಬಹುದು, ವೀಣೆ ನುಡಿಸಬಹುದು. ತಾಳವಾದ್ಯದ ಮೇಲೆ ಕೈಯಿಡಬಾರದು ಎಂಬ ಅಲಿಖಿತ ಶಾಸನ. ಹಾಡುವುದಕ್ಕಾದರೂ ಎಲ್ಲ ಕಡೆ ಅವಕಾಶವಿತ್ತೆ? ನಂಜನಗೂಡಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಬೆಳೆದು, ಬೆಂಗಳೂರಿನ ಹೆಸರನ್ನು ತನ್ನ ಹೆಸರಿನೊಂದಿಗೆ ಹೊತ್ತ ನಾಗರತ್ನಮ್ಮನವರು ತಮ್ಮ ಗಳಿಕೆಯನ್ನು ಸುರಿದು ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. 1925ರಲ್ಲಿ ಅದರ ಪ್ರತಿಷ್ಠೆಯಾಯಿತು. ಗುಡಿ ಕಟ್ಟಿಸಿದ ಆ ತಾಯಿಗೇ ಅಲ್ಲಿನ ಆರಾಧನೆಯಲ್ಲಿ ಹಾಡುವ ಅಧಿಕಾರವಿರಲಿಲ್ಲ. ಅವರು ಹೆಣ್ಣುಮಕ್ಕಳದೇ ಒಂದು ಪಂಗಡ ಕಟ್ಟಿ ಗುಡಿಯ ಹಿಂಭಾಗದಲ್ಲಿ ಹಾಡಿಸಿದರು. ಪಂಗಡಗಳೆಲ್ಲ ಒಂದಾದದ್ದು 1941ರಲ್ಲಿ.

ತಾಳವಾದ್ಯದ ಬಾಗಿಲು ತೆರೆಯಲು ಇನ್ನೂ ತಡವಾಯಿತು. ಪಾಲ್ಘಾಟ್ ಮಣಿ ಅಯ್ಯರ್ ಅವರಂತಹ ಮೇರು ವಿದ್ವಾಂಸರು ಬಹುಕಾಲ ಗಾಯಕಿಯರಿಗೆ ನುಡಿಸುತ್ತಲೇ ಇರಲಿಲ್ಲ. ಕೊನೆಗೆ ಡಿ. ಕೆ. ಪಟ್ಟಮ್ಮಾಳ್ ಅವರಿಗೆ ನುಡಿಸಿದರು. ದೊಡ್ಡವರೂ ಮನಸ್ಸು ಬದಲಿಸಬಲ್ಲರು ಎಂಬುದಕ್ಕೆ ಅದೊಂದು ನಿದರ್ಶನ. ಆದರೆ ಹಾಡುವ ಹೆಣ್ಣಿಗೆ ನುಡಿಸುವುದು ಬೇರೆ, ನುಡಿಸುವ ಹೆಣ್ಣಿನ ಪಕ್ಕದಲ್ಲಿ ಕೂರುವುದು ಬೇರೆ.

ಇಲ್ಲಿ ಸುಕನ್ಯಾ ರಾಮಗೋಪಾಲ್ ಅವರ ಮಾತನ್ನು ಹೇಳಲೇಬೇಕು. ಮದರಾಸಿನಲ್ಲಿ ಪಿಟೀಲು ಕಲಿಯಲು ಹೋದ ಬಾಲಕಿ, ಅದೇ ಶಾಲೆಯ ಮೃದಂಗದ ನಾದಕ್ಕೆ ಮರುಳಾಗಿ ಹರಿಹರ ಶರ್ಮರಲ್ಲಿ ಮೃದಂಗ ಕಲಿತರು. ಆಮೇಲೆ ಘಟದ ಮೇಲೆ ಮನಸ್ಸಾಯಿತು. ಶರ್ಮರ ಮಗ ವಿಕ್ಕು ವಿನಾಯಕರಾಂ, ‘ಹೆಣ್ಣುಮಕ್ಕಳ ಬೆರಳಿಗೆ ಇದು ಕಷ್ಟ’ ಎಂದು ಹಿಂಜರಿದರಂತೆ. ತಂದೆ ಶರ್ಮರೇ ‘ನಾನು ಕಲಿಸುತ್ತೇನೆ’ ಎಂದು ಮುಂದೆ ಬಂದರು. ಹಿಂಜರಿದ ಗುರುವೇ ಮುಂದೆ ಆ ಶಿಷ್ಯೆಗಾಗಿ ಹೆಮ್ಮೆಪಟ್ಟದ್ದು ಕಥೆಯ ಉತ್ತರಾರ್ಧ. ಮದುವೆಯಾಗಿ ಬೆಂಗಳೂರಿಗೆ ಬಂದ ಸುಕನ್ಯಾ ಅವರೊಂದಿಗೆ ಕೂರಲು ಒಲ್ಲದ ಮೃದಂಗದವರು ಇದ್ದರೆಂಬುದನ್ನು ಅವರೇ ಹೇಳಿಕೊಂಡಿದ್ದಾರೆ.

ಅವರು ಇದಕ್ಕೆ ಕೊಟ್ಟ ಉತ್ತರ ಜಗಳವಲ್ಲ, ನಾದ. ಮೃದಂಗದ ಅಂಚನ್ನು ತಟ್ಟಿ ಶ್ರುತಿಯನ್ನು ಏರಿಳಿಸಬಹುದು. ಘಟದ ಶ್ರುತಿ ಕುಂಬಾರನ ಆವಿಗೆಯಲ್ಲಿಯೇ ನಿಶ್ಚಯವಾಗಿಬಿಡುತ್ತದೆ. ಬೇರೆ ಶ್ರುತಿ ಬೇಕೆಂದರೆ ಬೇರೆ ಘಟವೇ ಬೇಕು. ಈ ಮಿತಿಯನ್ನೇ ಸುಕನ್ಯಾ ಬಲವಾಗಿ ಮಾಡಿಕೊಂಡರು. ಬೇರೆ ಬೇರೆ ಶ್ರುತಿಯ ಆರೇಳು ಘಟಗಳನ್ನು ಸುತ್ತಲೂ ಇರಿಸಿಕೊಂಡು, ಲಯದ ವಾದ್ಯದಲ್ಲಿ ರಾಗದ ಸುಳುಹು ಮೂಡಿಸುವ ‘ಘಟತರಂಗ’ವನ್ನು ರೂಪಿಸಿದರು. ಹೆಣ್ಣುಮಕ್ಕಳೇ ಸೇರಿದ ‘ಸ್ತ್ರೀ ತಾಳ ತರಂಗ’ ಎಂಬ ಬಳಗವನ್ನು ಕಟ್ಟಿದರು. 2014ನೆಯ ಸಾಲಿನ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಅವರನ್ನು ಅರಸಿ ಬಂತು. ತಮಿಳುನಾಡಿನ ಮಾನಾಮದುರೈ ಘಟಗಳಿಗೆ ಹೆಸರಾದ ಊರು. ಅಲ್ಲಿ ಘಟ ತಟ್ಟುವ ಕುಂಬಾರ ಕುಟುಂಬದ ಮಹಿಳೆಯೊಬ್ಬರಿಗೂ ಅಕಾಡೆಮಿಯ ಪುರಸ್ಕಾರ ಸಂದಿದೆ. ಮಣ್ಣು ತಟ್ಟುವ ಕೈ ಹೆಣ್ಣಿನದಾಗಬಹುದಾದರೆ, ಬೆಂದ ಮಡಕೆಯನ್ನು ನುಡಿಸುವ ಕೈ ಏಕಾಗಬಾರದು?

ಇಷ್ಟು ಹೇಳಿ ಮುಗಿಸಿದರೆ ನಾನು ಅನ್ಯಾಯವನ್ನು ದೂರದಿಂದ ಖಂಡಿಸಿದ ಸಜ್ಜನನಾಗಿ ನಿಮ್ಮ ಕಣ್ಣಿಗೆ ಕಂಡೇನು. ಅದು ಸತ್ಯವಲ್ಲ.

1991ರ ರಾಮನವಮಿ. ನಮ್ಮ ಬೀದಿಯ ಉತ್ಸವ ಸಮಿತಿಗೆ ನಾನು ಕಾರ್ಯದರ್ಶಿ. ಎರಡನೆಯ ದಿನದ ಕಚೇರಿಗೆ ಖಂಜಿರ ನುಡಿಸಲು ಮಲೆನಾಡಿನ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಇಪ್ಪತ್ತರ ಆಸುಪಾಸಿನ ವಯಸ್ಸು. ಚಪ್ಪರದ ಹಿಂದೆ ಕುಳಿತು, ಬಟ್ಟಲಿನ ನೀರನ್ನು ಬೆರಳಿನಿಂದ ಚರ್ಮಕ್ಕೆ ಸವರುತ್ತ, ತಟ್ಟಿ ಕಿವಿಗೊಡುತ್ತ, ಶ್ರುತಿಯನ್ನು ಇಳಿಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಬಂದ ಮೃದಂಗದ ವಿದ್ವಾಂಸರು ಆಕೆಯನ್ನು ನೋಡಿ, ನನ್ನನ್ನು ಬದಿಗೆ ಕರೆದು, “ಮೇಷ್ಟ್ರೇ, ಹೆಣ್ಣುಮಕ್ಕಳ ಜೊತೆ ನಾನು ಕೂರೋದಿಲ್ಲ. ಅವರಿರಲಿ, ಇಲ್ಲಾ ನಾನಿರ್ತೇನೆ” ಎಂದರು. ಜನ ಸೇರಿದ್ದರು, ಗಾಯಕರು ಶ್ರುತಿಪೆಟ್ಟಿಗೆಯ ಮುಂದೆ ಕುಳಿತಾಗಿತ್ತು. ನಾನು ಲೆಕ್ಕ ಹಾಕಿದೆ. ಮೃದಂಗವಿಲ್ಲದೆ ಕಚೇರಿ ನಡೆಯದು, ಖಂಜಿರವಿಲ್ಲದೆ ನಡೆದೀತು.

ಆ ಹುಡುಗಿಯ ಬಳಿ ಹೋಗಿ, “ಇವತ್ತು ಸಮಯ ಕಡಮೆ ಇದೆಯಮ್ಮ, ತನಿ ಆವರ್ತನ ಇಟ್ಟುಕೊಳ್ಳುತ್ತಿಲ್ಲ. ಇನ್ನೊಂದು ಸಲ ನುಡಿಸುವಿಯಂತೆ” ಎಂದೆ. ಆಕೆ ನನ್ನ ಮುಖವನ್ನೇ ನೋಡಿದಳು. “ಕಾರಣ ಅಷ್ಟೇನಾ ಸಾರ್?” ಎಂದಳು. “ಅಷ್ಟೇಮ್ಮ” ಎಂದೆ. ಖಂಜಿರವನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡಳು. ನಾನು ತಾಂಬೂಲದೊಡನೆ ಸಂಭಾವನೆಯ ಲಕೋಟೆಯನ್ನು ಮುಂದೆ ಹಿಡಿದೆ. ತೆಂಗಿನಕಾಯಿ, ಎಲೆಯಡಿಕೆ ತೆಗೆದುಕೊಂಡಳು. ಲಕೋಟೆಯನ್ನು ನನ್ನ ಕೈಯಲ್ಲಿಯೇ ಉಳಿಸಿ, “ನುಡಿಸದೆ ಇದ್ದದ್ದಕ್ಕೆ ಬೇಡ ಸಾರ್” ಎಂದು ನಮಸ್ಕಾರ ಮಾಡಿ ಹೊರಟುಹೋದಳು.

ಕಚೇರಿ ಸೊಗಸಾಗಿ ನಡೆಯಿತು. ತನಿ ಆವರ್ತನವೂ ಇತ್ತು, ಚಪ್ಪಾಳೆಯೂ ಬಿತ್ತು. ಒಬ್ಬ ಕೇಳುಗನೂ ‘ಖಂಜಿರವೆಲ್ಲಿ?’ ಎಂದು ಕೇಳಲಿಲ್ಲ. ನನ್ನನ್ನು ಇಂದಿಗೂ ಕಾಡುವುದು ಆ ವಿದ್ವಾಂಸರ ಮಾತಿಗಿಂತ ಹೆಚ್ಚಾಗಿ ಈ ಮೌನ. ಅವರು ತಮ್ಮ ನಂಬಿಕೆಯನ್ನು ಬಾಯಿಬಿಟ್ಟು ಹೇಳಿದರು. ಹಾಗೆ ನಂಬದ ನಾನು ಸುಳ್ಳು ಹೇಳಿದೆ. ಮರುದಿನ ತರಗತಿಯಲ್ಲಿ ನಾನು ಹೇಳಬೇಕಾಗಿದ್ದ ಪಾಠ ಸಂಚಿ ಹೊನ್ನಮ್ಮನ ‘ಹದಿಬದೆಯ ಧರ್ಮ’. ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಆ ಕವಯಿತ್ರಿ, ಹೆಣ್ಣೆಂದು ಹೀಗಳೆಯುವವರನ್ನು ಕೇಳಿದ ಪ್ರಶ್ನೆಯನ್ನು ನಾನು ವರ್ಷವರ್ಷವೂ ಗಟ್ಟಿಯಾಗಿ ಓದುತ್ತಿದ್ದವನು. ಅಂದು ನನ್ನ ದನಿ ಏಳಲಿಲ್ಲ.

ಕಾಲ ಬದಲಾಗಿದೆ, ನಿಜ. ಇಂದು ಬೆಂಗಳೂರಿನಲ್ಲಿ ಮೃದಂಗ ನುಡಿಸುವ ರಂಜನಿ ವೆಂಕಟೇಶ್, ಮೋರ್ಚಿಂಗ್ ನುಡಿಸುವ ಭಾಗ್ಯಲಕ್ಷ್ಮಿ ಮೊದಲಾದವರಿದ್ದಾರೆ. ಪಿಟೀಲು ವಾದಕಿ ಎ. ಕನ್ಯಾಕುಮಾರಿ ಅವರು 2016ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿಯಾದರು. ಆದರೂ ನವರಾತ್ರಿ ಬಂದಾಗ, ಮಹಿಳಾ ದಿನಾಚರಣೆ ಬಂದಾಗ ನೆನಪಾಗುವ ಈ ಕಲಾವಿದೆಯರು ವರ್ಷದ ಉಳಿದ ದಿನಗಳಲ್ಲಿ ಎಷ್ಟು ಮಂದಿ ಕಾರ್ಯದರ್ಶಿಗಳಿಗೆ ನೆನಪಾಗುತ್ತಾರೆ? ಬಾಗಿಲು ತೆರೆದಿದೆ ಎಂಬುದಷ್ಟೇ ಸಾಲದು. ಒಳಗೆ ಚಾಪೆ ಹಾಸಿ ಕೂರಿಸಬೇಕು.

ನಮ್ಮ ಎದುರು ಮನೆಯ ಹುಡುಗಿ ಆರು ವರ್ಷಗಳಿಂದ ಮೃದಂಗ ಕಲಿಯುತ್ತಿದ್ದಾಳೆ. ಸಂಜೆ ಆಕೆಯ ಸಾಧನೆಯ ದನಿಯೂ ಮೆಟ್ರೋ ರೈಲಿನ ದನಿಯೂ ಒಟ್ಟಿಗೆ ನನ್ನ ಕಿಟಕಿಗೆ ಬರುತ್ತವೆ. ಈ ಸಲದ ರಾಮೋತ್ಸವದಲ್ಲಿ ಆಕೆ ಮೊದಲ ಬಾರಿಗೆ ವೇದಿಕೆ ಏರಿದಳು. ಆಹ್ವಾನ ಪತ್ರಿಕೆಯ ಕರಡು ತಿದ್ದಿಕೊಡಲು ಹುಡುಗರು ನನ್ನ ಬಳಿ ಬಂದರು. ಕನ್ನಡ ಮೇಷ್ಟ್ರಿಗೆ ಉಳಿದಿರುವ ಉದ್ಯೋಗ ಅದೊಂದೇ. ನಾನು ಒಂದೇ ತಿದ್ದುಪಡಿ ಮಾಡಿದೆ. ಗಾಯಕರಿಂದ ಹಿಡಿದು ಖಂಜಿರದವರವರೆಗೆ ಎಲ್ಲ ಹೆಸರುಗಳೂ ಒಂದೇ ಅಳತೆಯ ಅಕ್ಷರದಲ್ಲಿರಲಿ ಎಂದೆ. “ತಾತ, ಜಾಗ ಸಾಲೋದಿಲ್ಲ” ಎಂದರು. “ದಾನಿಗಳ ಹೆಸರು ಸಣ್ಣದು ಮಾಡಿ” ಎಂದೆ.

ಬಾನುಲಿಯ ಮಾತು ಗಾಳಿಯ ಮಾತು. ಯಾರ ಮನೆಯಲ್ಲಿ ಯಾರ ಕಿವಿಗೆ ಬೀಳುವುದೋ ಹೇಳುವಂತಿಲ್ಲ. ಆ ಹುಡುಗಿಗೆ ಈಗ ಐವತ್ತು ದಾಟಿರಬೇಕು. ಮಲೆನಾಡಿನ ಯಾವುದೋ ಊರಿನ ಅಡುಗೆಮನೆಯಲ್ಲಿ ಈ ಹೊತ್ತು ರೇಡಿಯೋ ಹಾಕಿದ್ದರೆ, ಆಕೆಗೆ ನಾನು ಅಂದು ಹೇಳಬೇಕಾಗಿದ್ದ ಒಂದು ಮಾತು ಬಾಕಿಯಿದೆ: ಸಮಯ ಕಡಮೆ ಇರಲಿಲ್ಲಮ್ಮ. ಕಡಮೆ ಇದ್ದದ್ದು ನನ್ನ ಧೈರ್ಯ.