ಬ್ರೈಟನ್ನಿನ ಕಡಲಕರೆಯಲ್ಲಿ ಎರಡು ದಿನ

ಪರದೇಶದಲ್ಲಿ ಓದುವ ವಿದ್ಯಾರ್ಥಿಯ ವಿಚಾರವಾಗಿ ನಮ್ಮ ಮನೆಗಳಲ್ಲಿ ಎರಡು ಬಗೆಯ ಕಲ್ಪನೆಗಳು ರೂಢಿಯಲ್ಲಿವೆ. ಒಂದರಂತೆ, ಅವನು ಹಗಲಿರುಳೂ ಪುಸ್ತಕದಿಂದ ತಲೆಯೆತ್ತದೆ, ರೊಟ್ಟಿ ಬೆಣ್ಣೆಗಳಲ್ಲಿ ಹಸಿವನ್ನಡಗಿಸಿಕೊಂಡು, ಚಳಿಗೆ ನಡುಗುತ್ತ, ಪರೀಕ್ಷೆಯೊಂದನ್ನೇ ಧ್ಯಾನಿಸುವ ತಪಸ್ವಿ. ಮತ್ತೊಂದರಂತೆ, ತಂದೆಯ ಹಣವನ್ನು ನೀರಿನಂತೆ ಚೆಲ್ಲಿ ಊರೂರು ಸುತ್ತುವ ಷೋಕಿಗಾರ. ತಾಯಂದಿರು ಮೊದಲನೆಯದನ್ನೂ ಸೋದರಮಾವಂದಿರು ಎರಡನೆಯದನ್ನೂ ನಂಬುವುದು ಸಾಮಾನ್ಯ. ನಿಜವಾದ ವಿದ್ಯಾರ್ಥಿಯು ಈ ಎರಡು ಚಿತ್ರಗಳಿಗೂ ಒಗ್ಗುವವನಲ್ಲ. ವಾರದಲ್ಲಿ ಐದು ದಿನ ಆತನು ಹೆಚ್ಚು ಕಡಿಮೆ ಮೊದಲನೆಯವನಾಗಿಯೇ ಇರುತ್ತಾನೆ. ಎಂದೋ ಒಂದು ಶನಿವಾರ ಬಿಸಿಲು ಕಾಣಿಸಿಕೊಂಡಿತೆಂದರೆ ನಾಲ್ವರು ಗೆಳೆಯರೊಡನೆ ಕಡಲಿನ ಕಡೆಗೆ ಹೊರಟುಬಿಡುತ್ತಾನೆ. ಅಂತಹ ಒಂದು ಶನಿವಾರ ಭಾನುವಾರಗಳ ಸಂಗತಿಯನ್ನು ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ.

ವಾರದ ಕೊನೆಯ ಬಿಡುವೆಂಬುದು ಇಂಗ್ಲೆಂಡಿನಲ್ಲಿ ತಾನಾಗಿ ಒದಗಿದುದಲ್ಲ. 1850ರ ಕಾರ್ಖಾನೆ ಶಾಸನವು ಗಿರಣಿಗಳಲ್ಲಿ ದುಡಿಯುವ ಹೆಂಗಸರನ್ನೂ ಎಳೆಯರನ್ನೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ತರುವಾಯ ದುಡಿಸಕೂಡದೆಂದು ವಿಧಿಸಿತು. 1871ರಲ್ಲಿ ಸರ್ ಜಾನ್ ಲಬಕ್ಕನ ಪ್ರಯತ್ನದಿಂದ ಬ್ಯಾಂಕು ರಜೆಗಳ ಶಾಸನವು ಬಂದಿತು. ಅದಕ್ಕೆ ಮುಂಚೆಯೇ, 1841ರಲ್ಲಿ, ಲಂಡನ್ನಿನಿಂದ ಐವತ್ತು ಮೈಲಿ ದಕ್ಷಿಣದ ಬ್ರೈಟನ್ನಿಗೆ ರೈಲುದಾರಿ ತೆರೆದಿತ್ತು. ದೊರೆಮಕ್ಕಳು ಮಾತ್ರ ಹವಾಸೇವನೆಗೆಂದು ಹೋಗುತ್ತಿದ್ದ ಊರಿಗೆ ಗುಮಾಸ್ತರೂ ಅಂಗಡಿಯಾಳುಗಳೂ ಹೆಂಡಿರು ಮಕ್ಕಳೊಡನೆ ಬಂದಿಳಿದರು. ವಿಕ್ಟೋರಿಯಾ ರಾಣಿಗೆ ಈ ಜನಸಂದಣಿ ಹಿಡಿಸಲಿಲ್ಲ. ಅಲ್ಲಿದ್ದ ಅರಮನೆಯನ್ನು 1850ರಲ್ಲಿ ಊರಿನವರಿಗೇ ಮಾರಿಬಿಟ್ಟಳು. ಈ ಮಾರಾಟದ ಇಸವಿಯನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಕೆಲಸವುಂಟು.

ನಾವು ಹೋದುದು 2006ನೆಯ ಇಸವಿಯ ಜೂನ್ ತಿಂಗಳಲ್ಲಿ. ನಾವು ಐವರು: ಮೈಸೂರಿನ ಕಡೆಯ ನಾವು, ಧಾರವಾಡದ ಒಬ್ಬ ಗೆಳೆಯ, ಲಾಹೋರಿನ ಒಬ್ಬ, ಕೊಲಂಬೊ ಪಟ್ಟಣದ ಒಬ್ಬ ಸಹಪಾಠಿನಿ, ಮತ್ತು ಬ್ರೈಟನ್ನಿಗೆ ಮೂವತ್ತು ಮೈಲಿಯೊಳಗೆ ಹುಟ್ಟಿ ಬೆಳೆದ ಒಬ್ಬ ಇಂಗ್ಲಿಷಿನವ. ಪರೀಕ್ಷೆ ಮುಗಿದಿತ್ತು, ಪ್ರಬಂಧ ಬರೆಯುವುದು ಬಾಕಿಯಿತ್ತು. ಕೈಯಲ್ಲಿ ಹಣ ಅಷ್ಟಕ್ಕಷ್ಟೆ. ಸಹಪಾಠಿನಿಯ ಪರಿಚಯದವರ ಮನೆಯಲ್ಲಿ ಅವಳಿಗೆ ಇಳಿದುಕೊಳ್ಳುವ ಅನುಕೂಲವಿತ್ತು. ಉಳಿದ ನಾಲ್ವರು ಅಗ್ಗದ ವಸತಿಗೃಹವೊಂದರ ಒಂದೇ ಕೊಠಡಿಯನ್ನು ಹಿಡಿದೆವು. ವಿಕ್ಟೋರಿಯಾ ನಿಲ್ದಾಣದಿಂದ ಒಂದು ಗಂಟೆಯ ಪ್ರಯಾಣ. ಬ್ರೈಟನ್ನಿನಲ್ಲಿ ನಿಲ್ದಾಣದಿಂದ ಹೊರಕ್ಕೆ ಬಂದು ನಿಂತರೆ, ಇಳಿಜಾರಾದ ನೇರ ಬೀದಿಯ ತುದಿಯಲ್ಲಿ, ಎರಡು ಸಾಲು ಮನೆಗಳ ನಡುವೆ, ಕಡಲು ಒಂದು ನೀಲಿಯ ಪಟ್ಟಿಯಾಗಿ ಕಾಣುತ್ತದೆ.

ಕಡಲಿನ ವಿಷಯದಲ್ಲಿ ಹಳೆಯ ಮೈಸೂರಿನವರಾದ ನಾವು ಸ್ವಲ್ಪ ಬಡವರೇ. 1956ರಲ್ಲಿ ಕನ್ನಡದ ನಾಡುಗಳು ಒಂದಾಗಿ ಕನ್ನಡ ಜಿಲ್ಲೆಗಳೆರಡೂ ಬಂದು ಸೇರುವವರೆಗೆ ಮೈಸೂರು ಸಂಸ್ಥಾನಕ್ಕೆ ಒಂದು ಅಂಗುಲ ಕಡಲಕರೆಯೂ ಇರಲಿಲ್ಲ. ನಮ್ಮ ಅಜ್ಜಂದಿರು ಸಮುದ್ರವನ್ನು ನೋಡಿದುದು ರಾಮೇಶ್ವರದ ಯಾತ್ರೆಯಲ್ಲಿ, ಅದೂ ಸಂಕಲ್ಪ ಮಾಡಿ. ನಾವು ಅದಕ್ಕೆ ಮೊದಲು ಎರಡು ಸಲ ಮಲ್ಪೆಯಲ್ಲಿ ಕಾಲು ನೆನೆಸಿದ್ದೆವು. ಕಡಲಕರೆಯೆಂದರೆ ಮರಳೆಂದೇ ನಮ್ಮ ತಿಳಿವಳಿಕೆ. ಬ್ರೈಟನ್ನಿನಲ್ಲಿ ಮರಳಿಲ್ಲ. ಮುಷ್ಟಿಯಷ್ಟು, ಮೊಟ್ಟೆಯಷ್ಟು, ನೆಲ್ಲಿಕಾಯಿಯಷ್ಟು ನುಣ್ಣನೆಯ ಬೆಣಚು ಕಲ್ಲುಗಳ ರಾಶಿ ಮೈಲಿಗಟ್ಟಲೆ ಹಬ್ಬಿದೆ. ಬರಿಗಾಲಿನಲ್ಲಿ ನಡೆಯ ಹೊರಟ ಧಾರವಾಡದ ಗೆಳೆಯನು ಹತ್ತು ಹೆಜ್ಜೆಯಲ್ಲಿಯೇ ಕುಳಿತು, "ಇದು ಕಡಲ ದಂಡೀ ಅಲ್ಲೋ ಮಾರಾಯಾ, ರಸ್ತೆ ಕೆಲಸಕ್ಕ ಜಲ್ಲಿ ಹಾಕ್ಯಾರ" ಎಂದನು. ಅಲೆ ಹಿಂದಕ್ಕೆ ಸರಿಯುವಾಗ ಈ ಕಲ್ಲುಗಳೆಲ್ಲ ಒಂದರ ಮೇಲೊಂದು ಉರುಳಿ, ದೊಡ್ಡ ಮೊರದಲ್ಲಿ ಕಡಲೆಯನ್ನು ಕೇರಿದಂತೆ ಸದ್ದಾಗುತ್ತದೆ. ಮರಳಿನ ತೀರದಲ್ಲಿ ಕೇಳದ ಈ ದನಿಗೆ ನಾವು ಬಹಳ ಹೊತ್ತು ಕಿವಿಗೊಟ್ಟೆವು.

ನೀರಿಗಿಳಿದವಳು ಕೊಲಂಬೊದ ಸಹಪಾಠಿನಿಯೊಬ್ಬಳೇ. ಇಂಗ್ಲಿಷಿನವನೂ ಮೊಣಕಾಲುದ್ದ ಇಳಿದು, ಹಲ್ಲು ಕಟಕಟಿಸುತ್ತ ಹಿಂದಕ್ಕೆ ಬಂದನು. ಆ ದೇಶದಲ್ಲಿ ಜೂನ್ ತಿಂಗಳಲ್ಲಿ ಬಿಸಿಲು ಬೇಸಿಗೆಯದಾದರೂ ನೀರು ಇನ್ನೂ ಚಳಿಗಾಲದ್ದೇ. ಅಲ್ಲಿನ ಕಡಲ ಹಕ್ಕಿಗಳ ವಿಚಾರವನ್ನು ಹೇಳದೆ ಬಿಡಲಾಗದು. ಹದ್ದಿನಷ್ಟು ಗಾತ್ರದ ಆ ಬಿಳಿಯ ಹಕ್ಕಿಗಳು ಮನುಷ್ಯನಿಗೆ ಸ್ವಲ್ಪವೂ ಅಂಜವು. ಕಾಗದದಲ್ಲಿ ಕಟ್ಟಿಸಿಕೊಂಡು ತಂದ ಬಿಸಿ ಆಲೂಗೆಡ್ಡೆಯ ಹುರಿದ ತುಂಡುಗಳನ್ನು ಲಾಹೋರಿನ ಗೆಳೆಯನು ಬಾಯಿಗಿಡುವಷ್ಟರಲ್ಲಿ ಒಂದು ಹಕ್ಕಿ ಹಿಂದಿನಿಂದೆರಗಿ ಪೊಟ್ಟಣವನ್ನೇ ಉರುಳಿಸಿತು. ಮರುಕ್ಷಣದಲ್ಲಿ ಇಪ್ಪತ್ತು ಹಕ್ಕಿಗಳ ಸಂತರ್ಪಣೆ ನಡೆಯಿತು.

ಸಮುದ್ರಸ್ನಾನವನ್ನು ಈ ಊರಿಗೆ ತಂದುದು ಒಂದು ವೈದ್ಯಗ್ರಂಥ. 1750ರಲ್ಲಿ ಡಾಕ್ಟರ್ ರಿಚರ್ಡ್ ರಸ್ಸೆಲ್ ಎಂಬಾತನು ಗ್ರಂಥಿರೋಗಗಳಿಗೆ ಕಡಲ ನೀರು ಮದ್ದೆಂದು ಲ್ಯಾಟಿನಿನಲ್ಲಿ ಬರೆದನು. ಮೀಯುವುದು ಮಾತ್ರವಲ್ಲ, ಕುಡಿಯುವುದು ಕೂಡ. ಶ್ರೀಮಂತರು ಕುಡಿದರು! ಆ ಹುಚ್ಚಿನ ಬೆನ್ನಿಗೇ ನಮ್ಮ ದೇಶದವನೊಬ್ಬನು ಅಲ್ಲಿ ಕೀರ್ತಿವಂತನಾದನು. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ಷೇಕ್ ದೀನ್ ಮಹಮ್ಮದನು ಲಂಡನ್ನಿನಲ್ಲಿ 1810ರಲ್ಲಿ ಹಿಂದೂಸ್ತಾನಿ ಊಟದ ಮನೆಯೊಂದನ್ನು ತೆರೆದು, ಅದು ಕೈಹತ್ತದೆ, ಬ್ರೈಟನ್ನಿಗೆ ಬಂದು ಸ್ನಾನಗೃಹವನ್ನು ನಡೆಸಿದನು. ಬಿಸಿ ಹಬೆ, ಗಿಡಮೂಲಿಕೆ, ಮೈಯೊತ್ತುವುದು. ನಮ್ಮ ಅಜ್ಜಿಯರು ದೀಪಾವಳಿಯಲ್ಲಿ ಮಾಡುತ್ತಿದ್ದುದಕ್ಕೆ ಬಹಳ ದೂರದ್ದೇನಲ್ಲ. ನಾಲ್ಕನೆಯ ಜಾರ್ಜನೂ ನಾಲ್ಕನೆಯ ವಿಲಿಯಮನೂ ಆತನನ್ನು ಆಸ್ಥಾನದ ಮೈಯೊತ್ತುವ ವೈದ್ಯನೆಂದು ಮನ್ನಿಸಿದರು. ಒತ್ತು, ಅಮುಕು ಎಂಬರ್ಥದ ಹಿಂದಿಯ ‘ಚಾಂಪೋ’ ಎಂಬ ಮಾತೇ ಷಾಂಪೂ ಆಗಿ, ಈಗ ತಲೆಗೂದಲಿನ ಸೀಸೆಯ ಮೇಲೆ ಕುಳಿತಿದೆ. 1851ರಲ್ಲಿ ತೀರಿಕೊಂಡ ಆತನ ಸಮಾಧಿ ಅಲ್ಲಿನ ಸಂತ ನಿಕೊಲಸನ ಇಗರ್ಜಿಯ ಅಂಗಳದಲ್ಲಿದೆ.

ವಿದ್ಯಾರ್ಥಿಯಾಗಿ ಆ ಊರಿಗೆ ಹೋದ ಭಾರತೀಯರಲ್ಲಿ ಮೊದಲು ನೆನೆಯಬೇಕಾದವರು ಗಾಂಧೀಜಿಯವರು. 1888ರಲ್ಲಿ ಲಂಡನ್ನಿಗೆ ಓದಲು ಬಂದ ಅವರು ಮೊದಲ ವರ್ಷದಲ್ಲಿಯೇ ಬ್ರೈಟನ್ನಿಗೆ ಹೋಗಿದ್ದರು. ಹೋಟೆಲಿನ ಭಕ್ಷ್ಯಗಳ ಪಟ್ಟಿ ಫ್ರೆಂಚಿನಲ್ಲಿತ್ತು. ಏನೂ ತಿಳಿಯದೆ ಕುಳಿತಿದ್ದ ಹುಡುಗನಿಗೆ ಅದೇ ಮೇಜಿನಲ್ಲಿದ್ದ ವಯಸ್ಸಾದ ವಿಧವೆಯೊಬ್ಬಳು ಮಾಂಸವಿಲ್ಲದ ಪದಾರ್ಥಗಳಾವುವೆಂದು ವಿವರಿಸಿ ಹೇಳಿದಳು. ಆಮೇಲೆ ಲಂಡನ್ನಿನ ತನ್ನ ಮನೆಗೆ ಭಾನುವಾರದ ಊಟಕ್ಕೆ ಕರೆಯುತ್ತ ಬಂದಳು. ತಮಗೆ ಮದುವೆಯಾಗಿರುವುದನ್ನು ಮರೆಮಾಚಿ, ಕೊನೆಗೆ ಅವಳಿಗೆ ಕಾಗದ ಬರೆದು ಒಪ್ಪಿಕೊಂಡುದನ್ನು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಪರಸ್ಥಳದಲ್ಲಿ ಹಸಿದ ವಿದ್ಯಾರ್ಥಿಗೆ ಯಾವುದು ತಿನ್ನತಕ್ಕದ್ದೆಂದು ಹೇಳಿಕೊಡುವ ಒಬ್ಬ ಹೆಂಗಸು ಸಿಕ್ಕಿದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಇದನ್ನು ಅನುಭವದಿಂದ ಹೇಳುತ್ತಿದ್ದೇವೆ.

ಶನಿವಾರ ಸಂಜೆ ಹೊತ್ತು ಕಳೆಯಲೆಂದು ಅರಮನೆಯ ತೋಟಕ್ಕೆ ಹೋದೆವು. ರಾಜಕುಮಾರನಾಗಿದ್ದಾಗ ನಾಲ್ಕನೆಯ ಜಾರ್ಜನು ಕಟ್ಟಿಸಿದ ಈ ಕಟ್ಟಡಕ್ಕೆ ಜಾನ್ ನ್ಯಾಷ್ ಎಂಬ ಶಿಲ್ಪಿಯು 1815ರಿಂದ ಮೊದಲ್ಗೊಂಡು ಈರುಳ್ಳಿಯಾಕಾರದ ಗುಮ್ಮಟಗಳನ್ನೂ ಮಿನಾರುಗಳನ್ನೂ ಹೊದಿಸಿದನು. ನ್ಯಾಷನು ಹಿಂದೂಸ್ತಾನಕ್ಕೆ ಕಾಲಿಟ್ಟವನಲ್ಲ. ಹೊರಗೆ ಮೊಗಲ, ಒಳಗೆ ಚೀನಾ. ಲಾಹೋರಿನ ಗೆಳೆಯನು ನೋಡಿ ನಕ್ಕನು. ದಕ್ಷಿಣದ ಬಾಗಿಲಿನ ಬಳಿಗೆ ಬಂದಾಗ ಮಾತ್ರ ನಗು ನಿಂತಿತು. ಆ ಹೆಬ್ಬಾಗಿಲು ಭಾರತದ ರಾಜರೂ ಪ್ರಜೆಗಳೂ ಊರಿಗೆ ಕೊಟ್ಟ ಕಾಣಿಕೆ. ಪಟಿಯಾಲದ ಮಹಾರಾಜರು 1921ರಲ್ಲಿ ಅದನ್ನು ತೆರೆದರು. ಏಕೆ ಕೊಟ್ಟರೆಂಬುದನ್ನು ಅಲ್ಲಿಯೇ ಬರೆದಿದೆ.

ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗೆ 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಈ ಅರಮನೆಯೇ ಆಸ್ಪತ್ರೆಯಾಗಿತ್ತು. ಸಂಗೀತದ ಸಭಾಂಗಣದಲ್ಲಿ ರೋಗಿಗಳ ಮಂಚಗಳ ಸಾಲು. ದೊಡ್ಡ ಅಡಿಗೆಮನೆ ಶಸ್ತ್ರಚಿಕಿತ್ಸೆಯ ಕೋಣೆ. ಜಾತಿಮತಗಳ ಆಚಾರ ಕೆಡದಂತೆ ಒಂಬತ್ತು ಬೇರೆ ಬೇರೆ ಅಡಿಗೆಯ ಏರ್ಪಾಡು, ಹಿಂದೂಗಳಿಗೊಂದು ಮುಸಲ್ಮಾನರಿಗೊಂದು ಎಂದು ಬೇರೆ ಬೇರೆ ನೀರಿನ ನಲ್ಲಿ. ಚಕ್ರವರ್ತಿಯೇ ತನ್ನ ಅರಮನೆಯನ್ನು ಸಿಪಾಯಿಗಳಿಗೆ ಬಿಟ್ಟುಕೊಟ್ಟನೆಂದು ಭಾರತದಲ್ಲೆಲ್ಲ ಪ್ರಚಾರವಾಯಿತು. ಮಾರಾಟದ ಇಸವಿಯನ್ನು ಈಗ ನೆನೆಯಬಹುದು: ಅರಮನೆ ಅರಸರ ಕೈಬಿಟ್ಟು ಅರುವತ್ತನಾಲ್ಕು ವರ್ಷಗಳಾಗಿದ್ದುವು. ಉಪಚಾರದಲ್ಲಿ ಕೊರತೆಯಿರಲಿಲ್ಲವೆಂಬುದನ್ನು ಒಪ್ಪಬೇಕು. ಆದರೆ ಗುಣವಾಗುತ್ತಿದ್ದ ಸಿಪಾಯಿ ತನಗೆ ತೋಚಿದಂತೆ ಊರಿನಲ್ಲಿ ಅಡ್ಡಾಡುವಂತಿರಲಿಲ್ಲ. ಅದೇ ಊರಿನ ಮತ್ತೊಂದು ಆಸ್ಪತ್ರೆಯ ಗೋಡೆಯ ಮೇಲೆ ಮುಳ್ಳುತಂತಿಯನ್ನೇ ಹಾಕಿದ್ದರು. ಬರೆದ ಕಾಗದಗಳನ್ನು ಅಧಿಕಾರಿಗಳು ಓದಿ ಮುಂದಕ್ಕೆ ಕಳುಹಿಸುತ್ತಿದ್ದರು. ನಮ್ಮಷ್ಟೇ ವಯಸ್ಸಿನ ಹುಡುಗರು. ಹೆಚ್ಚಿನವರು ಪಂಜಾಬಿನವರು, ಗಢವಾಲದವರು, ನೇಪಾಳದವರು, ಗಡಿನಾಡಿನ ಪಠಾಣರು. ನಮ್ಮ ಮೈಸೂರಿನ ಕುದುರೆಯ ಪಡೆ ಹೋರಾಡಿದುದು ಈಜಿಪ್ಟು ಪ್ಯಾಲೆಸ್ಟೈನುಗಳಲ್ಲಿ. 1918ರಲ್ಲಿ ಹೈಫಾ ಪಟ್ಟಣವನ್ನು ಹಿಡಿದುದರಲ್ಲಿ ಅದರ ಪಾಲುಂಟು.

ಆ ಊರಿನ ಆಸ್ಪತ್ರೆಗಳಲ್ಲಿ ಸತ್ತ ಹಿಂದೂ ಮತ್ತು ಸಿಖ್ ಸಿಪಾಯಿಗಳಲ್ಲಿ ಐವತ್ತಮೂವರನ್ನು ಪ್ಯಾಚಂ ಎಂಬ ಹಳ್ಳಿಯ ಮೇಲಿನ ಗುಡ್ಡದಲ್ಲಿ ಸುಟ್ಟರೆಂದೂ, ಅಲ್ಲಿ ಒಂದು ಛತ್ರಿಯಿದೆಯೆಂದೂ ತಿಳಿದುಬಂದಿತು. ಹತ್ತಿರದಲ್ಲಿಯೇ ಬೆಳೆದ ನಮ್ಮ ಇಂಗ್ಲಿಷ್ ಗೆಳೆಯನು ಅದರ ಹೆಸರನ್ನೇ ಕೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಇದೇ ವಿಷಯಕ್ಕೆ ವಾದ ಹುಟ್ಟಿತು. ಆಕಾಶ ಶುಭ್ರವಾಗಿತ್ತು, ಅಂತಹ ದಿನ ಅಲ್ಲಿ ಪುಣ್ಯದಿಂದ ಸಿಕ್ಕಬೇಕು. ಧಾರವಾಡದವನು ಬಿಸಿಲು ಬಿಟ್ಟು ಬರುವುದಿಲ್ಲವೆಂದನು. "ಅವರು ಹೋರಾಡಿದ್ದು ಯಾರ ಯುದ್ಧ? ಯಾರದೋ ರಾಜ್ಯ ಉಳಿಸಾಕ. ನಾವು ಕೈ ಮುಗದು ಬರೋದು ಏತಕ್ಕ?" ಎಂಬುದು ಆತನ ಪ್ರಶ್ನೆ. ಲಾಹೋರಿನವನು ಉರ್ದುವಿನಲ್ಲಿ, ಹೊಟ್ಟೆಪಾಡಿಗಾಗಿ ಹೋದವರಿಗೆ ಯುದ್ಧ ಯಾರದಾದರೇನು ಎಂದನು. ಕೊಲಂಬೊದವಳು ನೀರು ಬಿಟ್ಟೇಳಲು ಸಿದ್ಧಳಿರಲಿಲ್ಲ. ಕೊನೆಗೆ ಇಬ್ಬರು ಕಡಲಿನ ಬಳಿ ಉಳಿದರು, ಮೂವರು ಹೊರಟೆವು. ಉಳಿದವರನ್ನು ನಾವು ಆಗಲೂ ದೂರಲಿಲ್ಲ, ಈಗಲೂ ದೂರುವುದಿಲ್ಲ. ಧಾರವಾಡದವನ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ.

ಛತ್ರಿಯ ಬಳಿಗೆ ಗಾಡಿಯ ದಾರಿಯಿಲ್ಲ. ಬಸ್ಸಿನಿಂದಿಳಿದು, ದನ ಕುರಿಗಳು ಮೇಯುವ ಹುಲ್ಲುಗಾವಲಿನಲ್ಲಿ ಏರುತ್ತ ಹೋಗಬೇಕು. ಎಂಟು ಕಂಬಗಳ ಮೇಲೆ ಗುಮ್ಮಟವಿರುವ, ಸಿಸಿಲಿಯ ಬಿಳಿಯ ಅಮೃತಶಿಲೆಯ ಚಿಕ್ಕ ಮಂಟಪ; 1921ರ ಫೆಬ್ರವರಿಯಲ್ಲಿ ಅಂದಿನ ಯುವರಾಜನು ಅದನ್ನು ತೆರೆದನು. ಕೆಳಗೆ ಮೂರು ದೊಡ್ಡ ಕಲ್ಲಿನ ಹಾಸುಗಳು ಚಿತೆಗಳಿದ್ದ ಜಾಗವನ್ನು ಮುಚ್ಚಿವೆ. ದೂರದಲ್ಲಿ ಊರು, ಅದರಾಚೆ ಕಡಲು. ಅಲ್ಲಿ ಮೂರ್ತಿಯಿಲ್ಲ, ಕಾವಲುಗಾರನಿಲ್ಲ, ಗಾಳಿ ಮಾತ್ರ. ಐವತ್ತಮೂವರ ಹೆಸರುಗಳು ಆ ದಿನ ಅಲ್ಲಿ ಎಲ್ಲಿಯೂ ಇರಲಿಲ್ಲ.

ಲಾಹೋರಿನ ಗೆಳೆಯನು ಸುತ್ತ ಒಂದು ಬಾರಿ ನಡೆದು ಬಂದು, ನಮ್ಮವರು ಇಲ್ಲಿಯೂ ಇಲ್ಲ ಎಂದನು. ಆತನ ಮಾತು ನಿಜ. ಮುಸಲ್ಮಾನ ಸಿಪಾಯಿಗಳನ್ನು ಒಯ್ದು ವೋಕಿಂಗ್ ಎಂಬಲ್ಲಿ, 1889ರಲ್ಲಿ ಕಟ್ಟಿದ ಷಾಜಹಾನ್ ಮಸೀದಿಗೆ ಸಮೀಪದ ಹಾರ್ಸೆಲ್ ಬಯಲಿನಲ್ಲಿ ಹೂಳಿದ್ದರು. ಒಂದೇ ಕಂದಕದಲ್ಲಿ ಗಾಯಗೊಂಡು ಒಂದೇ ಅರಮನೆಯಲ್ಲಿ ಮಲಗಿದವರಿಗೆ ನೀರು ಬೇರೆ, ಅಡಿಗೆ ಬೇರೆ, ಕೊನೆಯ ನೆಲವೂ ಐವತ್ತು ಮೈಲಿಯ ಸುಮಾರು ಬೇರೆ. ಆಚಾರಕ್ಕೆ ಕೊಟ್ಟ ಗೌರವ ಇದೆಂದು ಹೇಳಬಹುದು, ಗೌರವವೇ ಸರಿ. ಗೆಳೆಯನಿಗೆ ಮಾತ್ರ ಅದು ಬೇರೊಂದು ರೀತಿಯಾಗಿ ಕಂಡಿತು. ಆತನ ಅಜ್ಜನು 1947ರಲ್ಲಿ ಅಮೃತಸರದಿಂದ ಲಾಹೋರಿಗೆ ನಡೆದು ಹೋದವನು.

ಅಕ್ಟೋಬರ್ ತಿಂಗಳಲ್ಲಿ ಆತನು ವೋಕಿಂಗಿಗೆ ಹೊರಟನು. ಈ ಸಲ ಐವರೂ ಹೋದೆವು. ಧಾರವಾಡದವನೇ ಎಲ್ಲರ ಟಿಕೆಟ್ಟನ್ನೂ ಕೊಂಡನು. ದೇವದಾರು ಮರಗಳ ನಡುವೆ ಇಟ್ಟಿಗೆಯ ಗೋಡೆಯೂ ಗುಮ್ಮಟದ ಬಾಗಿಲೂ ಇದ್ದುವು. ಒಳಗೆ ಗೋರಿಗಳಿರಲಿಲ್ಲ, ಪೊದೆ ಬೆಳೆದಿತ್ತು. 1968ರಲ್ಲಿಯೇ ಅವರನ್ನು ಬ್ರುಕ್‌ವುಡ್ಡಿನ ಸೈನಿಕ ಶ್ಮಶಾನಕ್ಕೆ ಸಾಗಿಸಿದ್ದರು. ಆ ಬಯಲು 2015ರಲ್ಲಿ ಶಾಂತಿಯ ತೋಟವಾಯಿತು. ಪ್ಯಾಚಮ್ಮಿನ ಗುಡ್ಡದಲ್ಲಿ 2010ರಲ್ಲಿ ಐವತ್ತಮೂರು ಹೆಸರುಗಳ ಕಲ್ಲನ್ನು ನಿಲ್ಲಿಸಿದರು. ಅಂದು ಇವೊಂದೂ ಇರಲಿಲ್ಲ. ಬ್ರುಕ್‌ವುಡ್ ಮುಂದಿನ ನಿಲ್ದಾಣವೇ ಆದುದರಿಂದ ಮತ್ತೆ ರೈಲು ಹತ್ತಿದೆವು. ಅಲ್ಲಿ ಕಲ್ಲುಗಳ ಮೇಲಿನ ಹೆಸರುಗಳನ್ನು ಗೆಳೆಯನು ಒಂದೊಂದಾಗಿ ಗಟ್ಟಿಯಾಗಿ ಓದಿದನು. ಕೊಲಂಬೊದವಳು ಕಟ್ಟಿ ತಂದಿದ್ದ ಅನ್ನದ ಬುತ್ತಿಯನ್ನು ಆಮೇಲೆ ನಿಲ್ದಾಣದ ಬೆಂಚಿನ ಮೇಲೆ ಕುಳಿತು, ಐವರೂ ಒಂದೇ ಡಬ್ಬಿಯಿಂದ ತಿಂದೆವು.